ಯೆಜ್ಡಿ 250: ತಣ್ಣಗಿದ್ದಾಗ ಒಂದ ಕಿಕ್, ಬಿಸಿ ಆದ್ರ ಬಂದ್. ಯಾರರೆ ಹೇಳ್ರಿ

ಬಾಗಲಕೋಟಿ_ಟೂಸ್ಟ್ರೋಕ್
ಗುಜರಿ ಪಾರ್ಟ್ ಕೂಡಿಸಿ ಕಟ್ಟಿದ ಹಳೇ ಟೂಸ್ಟ್ರೋಕ್ ಬೈಕ್. ಮುಂಜಾನೆ ಒಂದ ಕಿಕ್ಕಿಗೆ ಚಾಲೂ. ನವನಗರ ಬಿಟ್ಟು ಗದ್ದನಕೇರಿ ಕ್ರಾಸ್ ಮುಟ್ಟೂದ್ರಾಗ ಮಿಸ್ ಹೊಡದು ಬಂದ್ ಬೀಳ್ತೈತಿ. ಅರ್ಧ ತಾಸು ಆರಿದ್ರ ಮತ್ತ ಚಾಲೂ. ಕಾರ್ಬುರೇಟರ್ ತೊಳದೇನಿ. ಪ್ಲಗ್, ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿಯೂ ಸ್ವಿಚ್), ಕಾಯಿಲ್ (ಕಿಡಿಗೆ ವೋಲ್ಟ್ ಏರಸೂದು) ಎಲ್ಲಾ ಹೊಸಾವು. ಬೋರು (ಸಿಲಿಂಡರ್ ಕೊರಸೂದು), ಬೇರಿಂಗಿಗೆ ರೊಕ್ಕ ಮುಗದೈತಿ, ಅಂದಾಜಿನ ಮ್ಯಾಲೆ ಇನ್ನೊಂದು ಪಾರ್ಟ್ ತರೂ ಹಂಗಿಲ್ಲ.

ಕಿತ್ತೂರು_ಗ್ಯಾರೇಜ್
ಕಂಡೆನ್ಸರ್, ಪಾಯಿಂಟಿನ್ಯಾಗ ಕಿಡಿ ಹಾರದಂಗ ತಡಿಯೂ ಪಾರ್ಟ್. ಬ್ಯಾರೆ ಏನೂ ಅಲ್ಲ. ಎಂಜಿನ್ ಓಡೂ ಮುಂದ ಬಲಗಡೆ ಕವರ್ ತಗದು ಪಾಯಿಂಟ್ ನೋಡ್ರಿ. ದಪ್ಪ ಕಿಡಿ ಹಾರತಿದ್ರ, ಮುಖ ಕರ್ರಗಾಗಿದ್ರ ಅದ. ಗ್ಯಾಪ್ 0.4 ಎಂಎಂ ಇಡ್ರಿ.

ಬಾಗಲಕೋಟಿ_ಟೂಸ್ಟ್ರೋಕ್
ಕಂಡೆನ್ಸರ್ ಬದಲಿ ಮಾಡೇನಿ. ಏನೂ ಫರಕ್ ಇಲ್ಲ.

ಕಿತ್ತೂರು_ಗ್ಯಾರೇಜ್
ಹೊಸಾದಂತ ನಂಬಬ್ಯಾಡ್ರಿ. ಉದ್ದ ವಾಯರ್ ಹಚ್ಚಿ ಕವರಿನ ಹೊರಗ, ಗಾಳಿ ಬಡಿಯೂ ಕಡೆ ಕೂಡ್ರಸ್ರಿ. ಅದರ ಬಾಡಿ ಅರ್ಥ್ ಆಗಬೇಕು.

ಉದ್ಯಮಬಾಗ_ಲೇಥ್
ಬೋರ್ ಬಿಗಿ ಇದ್ರೂ ಬಿಸಿಗೆ ಹಿಡೀತೈತಿ. ಬಂದ್ ಬಿದ್ದ ತಕ್ಷಣ ಕಿಕ್ ಗಟ್ಟಿ ಐತೋ, ಹಗುರ ಐತೋ? ಪೆಟ್ರೋಲಿಗೆ ಆಯಿಲ್ ಎಷ್ಟು?

ಬಾಗಲಕೋಟಿ_ಟೂಸ್ಟ್ರೋಕ್
ಕಿಕ್ ಹಗುರ. ಲೀಟರಿಗೆ 40 ಎಂಎಲ್ 2ಟಿ (ಟೂಸ್ಟ್ರೋಕ್ ಆಯಿಲ್).

ಗುಮ್ಮಟನಗರಿ_ರೋಡ್‌ಕಿಂಗ್
40 ಹೆಚ್ಚಾತು, 25 ಸಾಕು. ನನ್ನ ಗಾಡಿಗೆ 12 ವೋಲ್ಟ್ ಸಿಡಿಐ (ಪಾಯಿಂಟ್ ಬೇಕಿಲ್ಲದ ಎಲೆಕ್ಟ್ರಾನಿಕ್ ಇಗ್ನಿಶನ್) ಹಾಕಿಸೇನಿ, ಎರಡೂ ಸೈಲೆನ್ಸರ್ ಹೊಸ ಕ್ರೋಮ್, ಹ್ಯಾಲೊಜನ್ ಲೈಟು. ವಿಜಯಪುರದಿಂದ ಕೊಲ್ಹಾರತನಕ ಒಮ್ಮೆನೂ ಮಿಸ್ ಇಲ್ಲ.

ಉದ್ಯಮಬಾಗ_ಲೇಥ್
ಹೊಸ ಬೋರಿಗೆ 25 ಅಂತ ಹೇಳಬ್ಯಾಡ್ರಿ. 40 ಅಂದ್ರ 1:25, ರನ್ನಿಂಗ್ (ಹೊಸ ಬೋರು ಪಳಗೂದು) ಮುಗಿಯೂತನಕ ಅಷ್ಟ ಇರಲಿ. ಸೈಲೆನ್ಸರಿನ ಕಾರ್ಬನ್ ಕೆರೀಬಹುದು, ಬೋರಿನ್ಯಾಗ ಹಿಡಕೊಂಡು ಸೀಜ್ ಆದ ಪಿಸ್ಟನ್ ತಿರಗಿ ಬರೂದಿಲ್ಲ.

ಗುಮ್ಮಟನಗರಿ_ರೋಡ್‌ಕಿಂಗ್
ಈಗಿನ ಆಯಿಲ್ ಹಳೇದ್ರಂಗಲ್ರಿ.

ಡೈನಮೋ_6ವಿ
ಆಯಿಲ್ ವಾದ ಆಮ್ಯಾಲೆ ಮಾಡ್ರಿ. ಕಾಯಿಲ್ ಹೊಸಾದು ಅಂದೀರಿ, ಯಾವ ಗಾಡೀದು? ನಿಮ್ಮದು ಡೈನಮೋ ಇದ್ರ ಸಿಸ್ಟಮ್ 6 ವೋಲ್ಟ್. ಕಾಯಿಲಿನ ಎರಡೂ ವಾಯರ್ ಬಿಚ್ಚಿ ಮಲ್ಟಿಮೀಟರಿನಿಂದ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) ಓಮ್ ಅಳೀರಿ. ಆಮ್ಯಾಲೆ ವಾಯರ್ ಹಚ್ಚಿ, ಪಾಯಿಂಟ್ ಕೂಡಿದ್ದಾಗ ಕೀ ಆನ್ ಮಾಡಿ ಕಾಯಿಲಿಗೆ ಎಷ್ಟು ವೋಲ್ಟ್ ಮುಟ್ಟತೈತಿ ನೋಡ್ರಿ.

ಬಾಗಲಕೋಟಿ_ಟೂಸ್ಟ್ರೋಕ್
3.6 ಓಮ್. ಬ್ಯಾಟರಿ 6.3, ಕಾಯಿಲಿನ ಹತ್ರ 5.4. ಕಾಯಿಲ್ ತಳದಾಗ 12ವಿ ಅಂತ ಐತಿ.

ಡೈನಮೋ_6ವಿ
ಸಿಕ್ಕಿತು. 5.4ನ್ನ 3.6ರಿಂದ ಭಾಗಿಸ್ರಿ: 1.5 ಆಂಪಿಯರ್. 6 ವೋಲ್ಟಿನ ಕಾಯಿಲ್ ಸುಮಾರು ಇದರ ಎರಡು ಪಟ್ಟು ಎಳೀತೈತಿ. ಕರೆಂಟ್ ಅರ್ಧ ಆದ್ರ ಕಿಡಿಯ ಜೋರು ಅರ್ಧ ಅಲ್ಲ, ಕಾಲುಭಾಗಕ್ಕ ಇಳೀತೈತಿ. ಅದರ ಮ್ಯಾಲೆ ತಾಮ್ರ 50 ಡಿಗ್ರಿ ಕಾದ್ರ ಓಮ್ ಸುಮಾರು ಶೇ. 20 ಏರತೈತಿ. ಅದಕ್ಕ ತಣ್ಣಗಿದ್ದಾಗ ಹೆಂಗೋ ಏಳತೈತಿ, ಬಿಸಿಗೆ ಸಾಯತೈತಿ.

ಇನ್ನ 0.9 ವೋಲ್ಟ್ ದಾರ್ಯಾಗ ಹೋಗಾಕತ್ತೈತಿ. 12 ವೋಲ್ಟಿನ ಗಾಡಿ ಅಷ್ಟು ತಡಕೋತೈತಿ, 6 ವೋಲ್ಟಿಂದು ತಡಕೊಳ್ಳೂದಿಲ್ಲ. ಹೊಸ ಪಾರ್ಟ್ ತರೂ ಮೊದಲ ಫ್ಯೂಸ್ ಹಾಕಿದ ಒಂದು ವಾಯರ್ ಬ್ಯಾಟರಿಯಿಂದ ಸೀದಾ ಕಾಯಿಲಿಗೆ ಕೊಟ್ಟು ಅಳೀರಿ. ವೋಲ್ಟ್ ಏರಿದ್ರ ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಇಲ್ಲಾ ಆ ದಾರಿಯ ವಾಯರ್ ಕೆಟ್ಟಾವು. ಏರದಿದ್ರ ಅರ್ಥ್. ಫ್ರೇಮಿಗೆ ಹೊಸಾ ಪೇಂಟ್ ಹೊಡಿಸಿರ್ತೀರಿ, ಬೋಲ್ಟ್ ಕೂಡೂ ಜಾಗಾ ಪಾಲಿಶ್ ಪೇಪರ್‌ನಿಂದ ಬರೀ ಕಬ್ಬಿಣ ಕಾಣೂತನಕ ತಿಕ್ಕಿ, ಬ್ಯಾಟರಿ ಅರ್ಥ್‌ನಿಂದ ಎಂಜಿನ್ ಬೋಲ್ಟಿಗೆ ಒಂದು ದಪ್ಪ ವಾಯರ್ ಬ್ಯಾರೆ ಎಳೀರಿ.

ಕಿತ್ತೂರು_ಗ್ಯಾರೇಜ್
ಆದ್ರೂ ಕಂಡೆನ್ಸರ್ ಹೊರಗ ಕೂಡ್ರಸ್ರಿ.

ಬಾಗಲಕೋಟಿ_ಟೂಸ್ಟ್ರೋಕ್
ಹಳೇ 6 ವೋಲ್ಟ್ ಕಾಯಿಲ್ ಸಿಕ್ತು, ಅರ್ಥ್ ಬ್ಯಾರೆ ಎಳದೆ. ಕ್ರಾಸಿಗೆ ಹೋಗಿ ಬಂದೆ, ಎಲ್ಲೂ ಬಂದ್ ಬೀಳಲಿಲ್ಲ. ಆದ್ರ ಬಿಳಿ ಹೊಗಿ ಮೊದಲಿನಷ್ಟ ಐತಿ, ಗೇರ್ ಆಯಿಲೂ ಇಳೀಲಿಕ್ಕತ್ತೈತಿ.

ಉದ್ಯಮಬಾಗ_ಲೇಥ್
ಹೊಗಿ ಸುದ್ದಿ ಮೊದಲ ಹೇಳಬೇಕಿತ್ತು! ಎಡಗಡೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗೇತಿ. ಕ್ಲಚ್ಚು, ಗೇರ್‌ಬಾಕ್ಸಿಗೆ ಒಂದ ಆಯಿಲ್. ಸೀಲ್ ಬಿಟ್ರ ಪಿಸ್ಟನ್ ಮ್ಯಾಲೇರೂ ಮುಂದ ಅದನ್ನ ಕ್ರ್ಯಾಂಕ್‌ಕೇಸಿಗೆ ಎಳಕೊಂಡು ಸುಡತೈತಿ. ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು. ಎಂಜಿನ್ ಸ್ಪ್ರಾಕೆಟ್ ಟೇಪರ್ (ತುದಿಗೆ ಸಣ್ಣಗಾಗೂ ಶಾಫ್ಟ್) ಮ್ಯಾಲೆ ಕೂತಿರತೈತಿ, ಪುಲ್ಲರ್‌ನಿಂದ ಎಳೀರಿ, ಸುತ್ತಿಗಿ ಮುಟ್ಟಬ್ಯಾಡ್ರಿ, ಕ್ರ್ಯಾಂಕ್ ಸೊಟ್ಟಾಗಿ ಔಟ್ ಆಗತೈತಿ. ಹೊಸ ಸೀಲ್ ಕೂಡ್ರಸೂ ಮೊದಲ ಸೀಲಿನ ತುಟಿ ತಿಕ್ಕೂ ಜಾಗಾ ಉಗುರಿನಿಂದ ಸವರಿ ನೋಡ್ರಿ. ಗೆರಿ ಸಿಕ್ರ ಹೊಸಾ ಸೀಲ್ ಭಾಳ ದಿನ ತಡಿಯೂದಿಲ್ಲ.

ಬಾಗಲಕೋಟಿ_ಟೂಸ್ಟ್ರೋಕ್
ಬಾಗಲಕೋಟ್ಯಾಗ ಯಾರ ಹಂತೇಲಿ ಪುಲ್ಲರ್ ಐತ್ರಿ?