ಅಪ್‌ಡೇಟ್: 4ಕೆ ಬಿಟ್ಟೆ, 1440ಪಿ ತಂದೆ

ಹೋದ ವಾರ ಇಲ್ಲಿ ಕೇಳಿದ್ದೆ: ಗೇಮ್ ಆಡಲು ನನ್ನ ಕಂಪ್ಯೂಟರ್‌ನ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್‌ಗೆ (ಪರದೆಯ ಚಿತ್ರ ಮೂಡಿಸುವ ಭಾಗ) 4ಕೆ ಮಾನಿಟರ್ ಸರಿಯೋ, ಅದಕ್ಕಿಂತ ಕಡಿಮೆ ಪಿಕ್ಸೆಲ್‌ಗಳ (ಪರದೆಯ ಚುಕ್ಕಿಗಳ) 1440ಪಿ ಸಾಕೋ ಅಂತ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ 27 ಇಂಚಿನ, 165 ಹರ್ಟ್ಸ್‌ನ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) 1440ಪಿ ಮಾನಿಟರ್ ತಂದೆ.

ಪಿಕ್ಸೆಲ್ ಲೆಕ್ಕ ಹಾಕಿ ನೋಡಿ ಅಂದವರಿಗೆ ಥ್ಯಾಂಕ್ಸ್. 1080ಪಿಯಲ್ಲಿ (ಫುಲ್ ಎಚ್‌ಡಿ) ಸುಮಾರು 21 ಲಕ್ಷ, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಪಾಪ, ನನ್ನ ಕಾರ್ಡ್ ಅಷ್ಟು ಹೊರಲಾರದು. 4ಕೆ ತಗೊಂಡು ಗೇಮ್ ಮಾತ್ರ 1080ಪಿಯಲ್ಲಿ ಆಡುವ ಸಲಹೆಯನ್ನೂ ಗೆಳೆಯನ ಮನೆಯಲ್ಲಿ ಪರೀಕ್ಷಿಸಿದೆ. ಅಕ್ಷರಗಳೆಲ್ಲ ಮಸುಕು, ಹಿಡಿಸಲಿಲ್ಲ.

ತಮಾಷೆ ಏನೆಂದರೆ, ಮೊದಲ ದಿನ ಆಟದ ಓಟ ಹಳೆ ಮಾನಿಟರ್‌ನಷ್ಟೇ ಇತ್ತು. ದುಡ್ಡು ದಂಡ ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ನೋಡಿದರೆ ವಿಂಡೋಸ್ ಸುಮ್ನೆ 60 ಹರ್ಟ್ಸ್‌ನಲ್ಲೇ ಕೂತಿತ್ತು! ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಬದಲಿಸಲು ಹೋದರೆ 144ರವರೆಗೆ ಮಾತ್ರ ಇತ್ತು. ಮಾನಿಟರ್‌ನ ಎಚ್‌ಡಿಎಂಐ ಕೇಬಲ್ ತೆಗೆದು, ಇನ್ನೊಂದು ಬಗೆಯ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ 165 ಬಂತು. ಇದನ್ನು ನೀವ್ಯಾರೂ ಹೇಳಿರಲಿಲ್ಲ, ಅಲ್ವಾ?

ಭಾರೀ ಗೇಮ್‌ಗಳಿಗೆ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಮೂಡಿಸಿ ಎಐನಿಂದ ಹಿಗ್ಗಿಸುವ ಸೌಲಭ್ಯ) ಕ್ವಾಲಿಟಿ ಮೋಡ್‌ನಲ್ಲಿ ಇಡಿ ಅಂದದ್ದು ಚೆನ್ನಾಗಿ ಕೆಲಸ ಮಾಡಿತು. ನೆರಳಿನ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿದೆ, ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಸಿಗುತ್ತಿದೆ. ಹೊಸ ಕಾರ್ಡ್ ಸದ್ಯಕ್ಕೆ ಬೇಡ.