ಸಹಾಯ ಬೇಕು: ರೀಮ್ಯಾಪ್ ನಂತರ ಟರ್ಬೊ ಬೂಸ್ಟ್ ಕುಸಿಯುತ್ತಿದೆ

ನನ್ನದು 1.4 ಲೀಟರ್ ಟರ್ಬೊ ಪೆಟ್ರೋಲ್ ಕಾರು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ, ಅಂದರೆ ಹೆಚ್ಚು ಶಕ್ತಿಗಾಗಿ ಅದರ ಸೆಟ್ಟಿಂಗ್ ಬದಲಿಸಿ, ಎರಡು ತಿಂಗಳಾಯಿತು. ಮೊದಮೊದಲು ಎಳೆತ ಭರ್ಜರಿಯಾಗಿತ್ತು. ಈಗ 4,500 ಆರ್‌ಪಿಎಂ ದಾಟಿದೊಡನೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) 1.3 ಬಾರ್‌ನಿಂದ 0.9ಕ್ಕೆ ಇಳಿಯುತ್ತದೆ. ಮೂರನೇ ಗೇರಿನಲ್ಲಿ ಲಾಗ್ (ಸೆನ್ಸರ್‌ಗಳ ದಾಖಲೆ) ತೆಗೆದು ನೋಡಿದೆ: ವೇಸ್ಟ್‌ಗೇಟ್ (ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಹೋಗದಂತೆ ಬದಿಯಿಂದ ಬಿಡುವ ಕವಾಟ) ಪೂರ್ತಿ ಮುಚ್ಚುವಂತೆ ಇಸಿಯು ಆದೇಶಿಸುತ್ತಿದ್ದರೂ ಒತ್ತಡ ಏರುವುದಿಲ್ಲ. ಒಳಬರುವ ಗಾಳಿಯ ಉಷ್ಣಾಂಶ 62 ಡಿಗ್ರಿ ಸೆಲ್ಸಿಯಸ್; ನಾಕ್ (ಇಂಧನ ಅಂಕೆಯಿಲ್ಲದೆ ಸಿಡಿಯುವುದು) ಕಾಣಿಸಿಕೊಂಡು ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) 4 ಡಿಗ್ರಿ ಹಿಂದಕ್ಕೆ ಸರಿಯುತ್ತಿದೆ. ಸ್ಪಾರ್ಕ್ ಪ್ಲಗ್‌ಗಳು ಹೊಸವು.

ಟ್ಯೂನ್ ಮಾಡಿದವರು ದೊಡ್ಡ ಟರ್ಬೊ ಹಾಕಿಸಿ ಎನ್ನುತ್ತಾರೆ. ಒಂದು ಪೈಪನ್ನೂ ಮುಟ್ಟಿ ನೋಡದೆ ಕೊಟ್ಟ ಸಲಹೆ! ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪಿನಲ್ಲಿ ಸೋರಿಕೆ ಇರಬಹುದೇ, ವೇಸ್ಟ್‌ಗೇಟ್ ಸ್ಪ್ರಿಂಗ್ ಸೋತಿದೆಯೇ, ಅಥವಾ ಪುಟ್ಟ ಟರ್ಬೊ ನಿಜವಾಗಿಯೂ ಉಸಿರುಗಟ್ಟುತ್ತಿದೆಯೇ? ಮೊದಲು ಪೈಪುಗಳಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಹೊಗೆ ಪರೀಕ್ಷೆ ಮಾಡಿಸಲೇ? ಇಂಥ ತೊಂದರೆ ಬಿಡಿಸಿಕೊಂಡವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಆಕ್ಸಿಲರೇಟರನ್ನು ಪೂರ್ತಿ ತುಳಿಯುವುದಿಲ್ಲ.