ಕಾರಿಗೆ ಸಬ್‌ವೂಫರ್ ಬಾಕ್ಸ್ ನಾವೇ ಮಾಡುವುದು: ಮಾಡಿದವರ ಅನುಭವ

ಕೇಳಿದ್ದು: 12 ಇಂಚಿನ ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್) ಒಂದು ಸಿಕ್ಕಿದೆ, ಬಾಕ್ಸ್ ಇಲ್ಲ. ಕಾರು ಸಣ್ಣ ಹ್ಯಾಚ್‌ಬ್ಯಾಕ್. ಮರಗೆಲಸ ಸ್ವಲ್ಪ ಬರುತ್ತದೆ. ಸೀಲ್ಡ್ (ಪೂರ್ತಿ ಮುಚ್ಚಿದ್ದು) ಮಾಡಲಾ, ಪೋರ್ಟೆಡ್ (ಗಾಳಿ ಆಡಲು ಪೈಪ್ ಇರುವುದು) ಮಾಡಲಾ? ಯಾವ ಹಲಗೆ? ಅಳತೆ ಹಾಕುವುದು ಹೇಗೆ? ಮಾಡಿ ನೋಡಿದವರು ಹೇಳಿ.

ಉತ್ತರ: ಮೊದಲ ಬಾಕ್ಸ್ ಅಲ್ವಾ, ಸೀಲ್ಡ್ ಮಾಡಿ. ನಾನು ಎರಡೂ ಬಗೆಯದನ್ನು ಕಟ್ಟಿದ್ದೇನೆ, ಈಗ ಕಾರಿನಲ್ಲಿ ಇರುವುದು ಸೀಲ್ಡ್. ಸೀಲ್ಡ್ ಬಾಕ್ಸಿನ ಸದ್ದು ಕೆಳಗಿನ ಫ್ರೀಕ್ವೆನ್ಸಿಗೆ ಹೋದಂತೆ ಆಕ್ಟೇವ್‌ಗೆ, ಅಂದರೆ ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ, 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಆದರೆ ಗಾಜು ಏರಿಸಿದ ಕಾರಿನ ಸಣ್ಣ ಕ್ಯಾಬಿನ್ ಅದೇ ಕೆಳಗಿನ ಸದ್ದನ್ನು ತಾನಾಗಿ ಮೇಲೆತ್ತುತ್ತದೆ. ಅಲ್ಲಿ ಕಳೆದುಕೊಂಡದ್ದರಲ್ಲಿ ಬಹುಪಾಲು ಇಲ್ಲಿ ವಾಪಸ್ ಸಿಗುತ್ತದೆ. ರೂಮಿನಲ್ಲಿ ಸಪ್ಪೆ ಎನಿಸಿದ ಬಾಕ್ಸ್ ಕಾರಿನಲ್ಲಿ ಎದೆಗೆ ತಾಗುವುದು ಇದೇ ಕಾರಣಕ್ಕೆ.

ಇನ್ನು ಅಳತೆ. ಡಿಕ್ಕಿಯಲ್ಲಿ ಎಷ್ಟು ಜಾಗ ಇದೆ ಎಂದು ನೋಡಿ ಸುಮ್ನೆ ಒಂದು ಡಬ್ಬ ಹೊಡೆಯಬೇಡಿ. ಬಾಕ್ಸ್ ಎಂದರೆ ಒಳಗಿನ ಗಾಳಿ, ಮರ ಬರೀ ಅದರ ಗೋಡೆ. ಆ ಗಾಳಿ ಸ್ಪೀಕರ್‌ನ ಅಲುಗುವ ಮುಖ, ಅಂದರೆ ಕೋನ್‌ನ ಹಿಂದೆ ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಎಷ್ಟು ಗಾಳಿ ಬೇಕು ಎಂಬುದನ್ನು ಸ್ಪೀಕರ್ ಹೇಳುತ್ತದೆ. ಅದರ ಚೀಟಿಯಲ್ಲಿ ಎಫ್‌ಎಸ್ (ಸ್ಪೀಕರ್ ತಾನಾಗಿ ಕಂಪಿಸುವ ಫ್ರೀಕ್ವೆನ್ಸಿ), ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಕ್ಯೂ), ವಿಎಎಸ್ (ಕೋನನ್ನು ಹಿಡಿದಿರುವ ಸ್ಪ್ರಿಂಗ್‌ನಷ್ಟೇ ಬಿಗಿ ಇರುವ ಗಾಳಿ, ಲೀಟರ್‌ನಲ್ಲಿ) ಎಂಬ ಅಂಕಿಗಳು ಇರುತ್ತವೆ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ 1960, 70ರ ದಶಕಗಳಲ್ಲಿ ಆಸ್ಟ್ರೇಲಿಯಾದಲ್ಲಿ ಕುಳಿತು ರೂಪಿಸಿಕೊಟ್ಟ ಲೆಕ್ಕ ಇದು. ಅವರಿಂದಾಗಿ ನಮ್ಮಂಥವರು ಇವತ್ತು ಊಹೆಯ ಮೇಲೆ ಹಲಗೆ ಕೊಯ್ಯಬೇಕಿಲ್ಲ.

ಸಮತಟ್ಟಾದ ಬೇಸ್ ಬೇಕಾದರೆ ಬಾಕ್ಸ್ ಸೇರಿದ ಮೇಲಿನ ಕ್ಯೂ, ಅಂದರೆ ಕ್ಯೂಟಿಸಿ, 0.707 ಇರಬೇಕು. 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ವರ್ಗ ಮಾಡಿ, 1 ಕಳೆಯಿರಿ. ಬಂದದ್ದರಿಂದ ವಿಎಎಸ್ ಅನ್ನು ಭಾಗಿಸಿದರೆ ಲೀಟರ್ ಸಿಗುತ್ತದೆ. ಕ್ಯೂಟಿಎಸ್ 0.45, ವಿಎಎಸ್ 70 ಲೀಟರ್ ಇದ್ದರೆ ಸುಮಾರು 48 ಲೀಟರ್.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಈ ಲೀಟರ್ ಒಳಅಳತೆ. ಹೊರಗೆ 60, 40, 35 ಸೆಂಟಿಮೀಟರ್ ಇರುವ ಬಾಕ್ಸ್ 84 ಲೀಟರ್ ಎನಿಸುತ್ತದೆ. 18 ಮಿಲಿಮೀಟರ್ ಹಲಗೆಯಲ್ಲಿ ಮಾಡಿದರೆ ಪ್ರತಿ ಅಳತೆಯಲ್ಲೂ 3.6 ಸೆಂಟಿಮೀಟರ್ ಹೋಗಿ ಒಳಗೆ ಉಳಿಯುವುದು ಸುಮಾರು 64.5 ಲೀಟರ್. ಅದರಲ್ಲಿ ಸ್ಪೀಕರ್‌ನ ಮ್ಯಾಗ್ನೆಟ್, ಬುಟ್ಟಿಯಂಥ ಚೌಕಟ್ಟು ಒಂದೆರಡು ಲೀಟರ್ ತಿನ್ನುತ್ತವೆ. ಒಳಗೆ ಹಾಕುವ ಆಧಾರದ ಪಟ್ಟಿಗಳದ್ದೂ ಕಳೆಯಬೇಕು.

ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 80 ಹರ್ಟ್ಸ್ ಸದ್ದಿನ ಅಲೆಯ ಉದ್ದ 4 ಮೀಟರ್‌ಗಿಂತ ಜಾಸ್ತಿ. ಸಣ್ಣ ಬಾಕ್ಸಿನೊಳಗೆ ಅದು ಗೋಡೆಯಿಂದ ಗೋಡೆಗೆ ಪುಟಿದು ಗೋಜಲಾಗುವ ಮಾತೇ ಇಲ್ಲ. ಸೀಟಿನ ಬೆನ್ನಿಗೆ ಹೊಂದುವಂತೆ ಓರೆ ಮಾಡಿ, ಚೌಕ ಮಾಡಿ, ಲೀಟರ್ ಸರಿ ಇದ್ದರೆ ಸಾಕು. ಆಳ ಮಾತ್ರ ನೋಡಿಕೊಳ್ಳಿ. ಸ್ಪೀಕರ್‌ನ ಹಿಂಭಾಗದಲ್ಲಿ ಗಾಳಿ ಕಿಂಡಿ ಇದ್ದರೆ ಅದರ ಹಿಂದೆ ಎರಡು ಬೆರಳಷ್ಟಾದರೂ ಜಾಗ ಬಿಡಿ.

ಉತ್ತರ: ಮೇಲಿನ ಲೆಕ್ಕ ಸರಿಯಾಗಿದೆ. ನಾನು ಹಲಗೆ ಮತ್ತು ಗಾಳಿ ಸೋರುವುದರ ಬಗ್ಗೆ ಹೇಳುತ್ತೇನೆ, ನನಗೆ ಗೊತ್ತಿರುವುದು ಅದೇ ಕೆಲಸ.

18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಳ್ಳೆಯದು. ನಯವಾಗಿ ಕೊಯ್ಯುತ್ತದೆ, ಒಳಗೆ ಪೊಳ್ಳು ಇರುವುದಿಲ್ಲ. ತೂಕ ಜಾಸ್ತಿ, ನೀರು ಕುಡಿದರೆ ಉಬ್ಬುತ್ತದೆ. ಡಿಕ್ಕಿಗೆ ಒದ್ದೆ ಸಾಮಾನು ಹಾಕುವ ಅಭ್ಯಾಸ ಇದ್ದರೆ ಬರ್ಚ್ ಪ್ಲೈವುಡ್ ತೆಗೆದುಕೊಳ್ಳಿ, ಅದು ಹಗುರವೂ ಹೌದು. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಎಂಡಿಎಫ್ ಅಂಚೂ ಸೀಳುತ್ತದೆ, ಹಾಗಾಗಿ ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆಯಲೇಬೇಕು. ಅದರ ಧೂಳು ತುಂಬಾ ಸಣ್ಣ, ಮಾಸ್ಕ್ ಇಲ್ಲದೆ ಕೊಯ್ಯಬೇಡಿ.

ಬಾಕ್ಸನ್ನು ನಿಜವಾಗಿ ಹಿಡಿದಿಡುವುದು ಮರದ ಅಂಟು. ಅಂಟು ಒಣಗುವವರೆಗೆ ಬಿಗಿ ಹಿಡಿಯುವುದಷ್ಟೇ ಸ್ಕ್ರೂಗಳ ಕೆಲಸ. ಒಳಗಿನ ಪ್ರತಿ ಮೂಲೆಗೂ ಸಿಲಿಕೋನ್ ಎಳೆಯಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆದರೆ ಪೂರ್ತಿ ಒಣಗಿ ವಾಸನೆ ಹೋಗುವವರೆಗೂ ಸ್ಪೀಕರ್ ಕೂರಿಸಬೇಡಿ. ಆ ಆವಿ ಲೋಹಕ್ಕೆ ಆಗದು. ಸ್ಪೀಕರ್ ಅಂಚಿಗೆ, ವೈರ್ ಸಿಕ್ಕಿಸುವ ಟರ್ಮಿನಲ್ ಕಪ್‌ಗೆ ಫೋಮ್ ಪಟ್ಟಿ ಹಾಕಿ.

ಪರೀಕ್ಷೆ ಸುಲಭ. ಕೋನನ್ನು ಎರಡೂ ಅಂಗೈಯಿಂದ ಮೆಲ್ಲಗೆ, ಸಮನಾಗಿ ಒತ್ತಿ ಬಿಡಿ. ಬಾಕ್ಸ್ ಬಿಗಿಯಾಗಿದ್ದರೆ ಗಾಳಿ ಒತ್ತಿ ಹಿಡಿದಂತೆ ಕೈಗೆ ಗೊತ್ತಾಗುತ್ತದೆ. ಆಮೇಲೆ ಕೆಳಗಿನ ಟೋನ್ ಒಂದನ್ನು ಹಾಕಿ ಒದ್ದೆ ಕೈಯನ್ನು ಸಂದುಗಳ ಮೇಲೆ ಆಡಿಸಿ. ಸೋರುವ ಕಡೆ ತಣ್ಣಗೆ ಊದುತ್ತದೆ.

ಉತ್ತರ: ಎಲ್ಲರೂ ಸೀಲ್ಡ್ ಅಂದರೆ ಪೋರ್ಟೆಡ್ ಪರವಾಗಿ ಯಾರು ಮಾತಾಡಬೇಕು? ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಪೋರ್ಟ್ ಹಾಕಿದರೆ ಟ್ಯೂನಿಂಗ್, ಅಂದರೆ ಪೋರ್ಟ್ ತಾನೇ ಮೊಳಗುವ ಫ್ರೀಕ್ವೆನ್ಸಿಯ ಸುತ್ತಮುತ್ತ ಸದ್ದು ಎದ್ದು ಕಾಣುವಷ್ಟು ಜಾಸ್ತಿ. ಚೀಟಿಯಲ್ಲಿ ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ (ವಿದ್ಯುತ್ ಭಾಗದ ಕ್ಯೂ) ಭಾಗಿಸಿ ನೋಡಿ. ಉತ್ತರ 50ರ ಕೆಳಗಿದ್ದರೆ ಸೀಲ್ಡ್‌ಗೆ, 100ರ ಹತ್ತಿರ ಅಥವಾ ಮೇಲಿದ್ದರೆ ಪೋರ್ಟ್‌ಗೆ ಹೊಂದುವ ಸ್ಪೀಕರ್.

ಆದರೆ ಇಲ್ಲಿ ಅಳತೆ ತಪ್ಪುವ ಹಾಗಿಲ್ಲ. ಎಲ್ಲ ಕಳೆದು 55 ಲೀಟರ್ ಉಳಿದ ಬಾಕ್ಸನ್ನು 35 ಹರ್ಟ್ಸ್‌ಗೆ ಟ್ಯೂನ್ ಮಾಡಲು 10 ಸೆಂಟಿಮೀಟರ್ ಒಳವ್ಯಾಸದ ಪೈಪ್ ಸುಮಾರು 27.5 ಸೆಂಟಿಮೀಟರ್ ಉದ್ದ ಬೇಕು. ಪೈಪ್ ಸಪೂರ ಆದರೆ ಗಾಳಿ ಬುಸ್ ಬುಸ್ ಎನ್ನುತ್ತದೆ. ಅದರ ಒಳತುದಿ ಗೋಡೆಯಿಂದ ಒಂದು ವ್ಯಾಸದಷ್ಟು ದೂರ ಇರಲಿ. ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಅತಿಯಾಗಿ ಓಡಾಡಿ ಹಾಳಾಗುತ್ತದೆ. ಆಂಪ್ಲಿಫೈಯರ್‌ನಲ್ಲಿ ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸೋನಿಕ್ ಫಿಲ್ಟರ್ ಇಲ್ಲದಿದ್ದರೆ ಪೋರ್ಟೆಡ್ ಆಸೆ ಬಿಡಿ.

ಉತ್ತರ: ಯಾವುದನ್ನೇ ಮಾಡಿ, ದಯವಿಟ್ಟು ಅದನ್ನು ಕಾರಿಗೆ ಕಟ್ಟಿ. ಸ್ಪೀಕರ್ ಸೇರಿ 20 ಕಿಲೋ ದಾಟುವ ಬಾಕ್ಸ್ ಡಿಕ್ಕಿಯಲ್ಲಿ ಸಡಿಲ ಇದ್ದರೆ, ಗಟ್ಟಿ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿನ ಮೇಲೆ ಬರುತ್ತದೆ. ಅಲ್ಲಿ ಮಕ್ಕಳು ಕೂತಿರುತ್ತಾರೆ. ಡಿಕ್ಕಿಯ ಕೊಂಡಿಗಳಿಗೆ ಬೆಲ್ಟ್ ಬಿಗಿಯಿರಿ. ನೆಲಕ್ಕೆ ಬೋಲ್ಟ್ ಹಾಕುವುದಾದರೆ ಕೆಳಗೆ ಇಂಧನ ಟ್ಯಾಂಕ್, ಪೈಪ್ ಇದೆಯಾ ಎಂದು ಕಾರಿನ ಅಡಿಗೆ ಇಣುಕಿ ನೋಡಿಯೇ ಕೊರೆಯಿರಿ.

ಬ್ಯಾಟರಿಯಿಂದ ಬರುವ ವೈರಿಗೆ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರಲಿ. ಲೋಹದ ತೂತಿನ ಮೂಲಕ ವೈರ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ (ಬಳೆ) ಹಾಕಿ. ಸ್ಟೆಪ್ನಿ ಡಿಕ್ಕಿಯ ನೆಲದಡಿ ಇದ್ದರೆ ಬಾಕ್ಸ್ ಬೇಗ ಬಿಚ್ಚಿ ತೆಗೆಯುವ ಹಾಗಿರಬೇಕು.

ಕೇಳಿದವರು: ತುಂಬಾ ಉಪಕಾರ. ಚೀಟಿಯಲ್ಲಿ ಕ್ಯೂಟಿಎಸ್ 0.5, ವಿಎಎಸ್ 60 ಲೀಟರ್ ಇದೆ. ಲೆಕ್ಕದ ಪ್ರಕಾರ 60 ಲೀಟರ್ ಬಂತು. ಅಷ್ಟು ಕೊಟ್ಟರೆ ಡಿಕ್ಕಿಯಲ್ಲಿ ಏನೂ ಉಳಿಯುವುದಿಲ್ಲ. 45 ಲೀಟರ್ ಮಾಡಿದರೆ ಹಾಳಾಗುತ್ತದಾ?

ಉತ್ತರ: ಇಲ್ಲ, ಧೈರ್ಯವಾಗಿ ಮಾಡಿ. 45 ಲೀಟರ್‌ಗೆ ಕ್ಯೂಟಿಸಿ 0.76 ಆಗುತ್ತದೆ, ಕಾರಿನಲ್ಲಿ ಆ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ. 30ಕ್ಕೆ ಇಳಿಸಿದರೆ 0.87, ಅದೂ ಕೇಳಲು ಚೆನ್ನಾಗಿಯೇ ಇರುತ್ತದೆ. 20 ಲೀಟರ್‌ಗೆ 1 ಮುಟ್ಟುತ್ತದೆ. ಅಲ್ಲಿಂದ ಕೆಳಗೆ ಹೋದರೆ ಎಲ್ಲ ಹಾಡಿನಲ್ಲೂ ಒಂದೇ ಸ್ವರ ಗುಂಯ್ ಎನ್ನಲು ಶುರುವಾಗುತ್ತದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಒತ್ತದೆ, ಸಡಿಲವಾಗಿ ಹರಡಿ. ಸ್ಪೀಕರ್‌ಗೆ ಬಾಕ್ಸ್ ಇನ್ನೂ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಸ್ಪೀಕರ್‌ನ ಗಾಳಿ ಕಿಂಡಿಗೆ ಮಾತ್ರ ಅದು ಅಡ್ಡ ಬರದಂತೆ ಗೋಡೆಗೆ ಅಂಟಿಸಿಬಿಡಿ.